ಇದು ಯಾವತ್ತಿನದು? ಸಿಹಿ ಅಂಗಡಿಯಲ್ಲೂ ಸಾವಯವ ಅಂಗಡಿಯಲ್ಲೂ ಕೇಳಬೇಕಾದ ಪ್ರಶ್ನೆ

ಹಬ್ಬದ ಹಿಂದಿನ ಸಂಜೆ ಸಿಹಿ ಅಂಗಡಿಯ ಗಾಜಿನ ಮುಂದೆ ನಿಂತಾಗ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು: ‘ಅದು ಅರ್ಧ ಕೆ.ಜಿ., ಇದು ಅರ್ಧ ಕೆ.ಜಿ. ಹಾಕಿಬಿಡಿ.’ ಬಣ್ಣ ನೋಡಿ, ಮೇಲಿನ ಬೆಳ್ಳಿ ವರ್ಕ್ ನೋಡಿ, ಹಿಂದೆ ನಿಂತವರ ಅವಸರವನ್ನೂ ನೋಡಿ ಬೆರಳು ತೋರಿಸುತ್ತೇವೆ. ಮೂರನೆಯ ದಿನ ನೆಂಟರು ಬಂದರೆಂದು ಡಬ್ಬಿ ತೆರೆದರೆ ಬರ್ಫಿಯ ಮೇಲೆ ಬೂಷ್ಟು.

ಇನ್ನೊಂದು ಅಂಗಡಿಯ ಕಥೆಯೂ ಹೆಚ್ಚು ಬೇರೆಯಲ್ಲ. ಈಗ ಬಡಾವಣೆಗೊಂದರಂತೆ ಸಾವಯವ, ಸಿರಿಧಾನ್ಯ, ಗಾಣದೆಣ್ಣೆ ಎಂದು ಫಲಕ ಹಾಕಿದ ಅಂಗಡಿಗಳು ಬಂದಿವೆ. ಡಾಕ್ಟರು ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ ಎಂದರೋ, ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಏನೋ ಕಳಿಸಿದರೋ, ನೇರ ಅಲ್ಲಿಗೆ ಹೋಗುತ್ತೇವೆ. ಐದು ಬಗೆಯ ಸಿರಿಧಾನ್ಯ, ಚಿಯಾ, ಜೇನು, ಗುಲಾಬಿ ಉಪ್ಪು ಎಲ್ಲ ಸೇರಿ ಬಿಲ್ಲು ಸಾವಿರ ದಾಟುತ್ತದೆ. ಕೊರಲೆ ಅಕ್ಕಿಯ ಪೊಟ್ಟಣ ಆರು ತಿಂಗಳು ಅಟ್ಟದ ಡಬ್ಬದಲ್ಲೇ ಕುಳಿತು ಕಮಟು ವಾಸನೆ ಹಿಡಿದು, ಕೊನೆಗೆ ಹಕ್ಕಿಗಳ ಪಾಲಾಗುತ್ತದೆ.

ಎರಡೂ ಕಡೆ ದುಡ್ಡು ದಂಡವಾಗದಂತೆ, ಹೊಟ್ಟೆಯೂ ಕೆಡದಂತೆ ವ್ಯಾಪಾರ ಮಾಡಲು ಆಹಾರ ವಿಜ್ಞಾನ ಓದಬೇಕಾಗಿಲ್ಲ. ಯಾವ ಪದಾರ್ಥ ಯಾಕೆ ಕೆಡುತ್ತದೆ ಎನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಸಂಕೋಚವಿಲ್ಲದೆ ಕೇಳುವುದು.

ಕೆಡುವುದು ಯಾಕೆ?

ಸಿಹಿತಿಂಡಿಯನ್ನು ಕೆಡಿಸುವುದು ತೇವ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಪಾಕದಲ್ಲಿ ಸಕ್ಕರೆ ಮಾಡುತ್ತದೆ: ನೀರನ್ನು ಸೂಕ್ಷ್ಮಜೀವಿಗಳ ಬಾಯಿಗೆ ಸಿಗದಂತೆ ಹಿಡಿದಿಡುತ್ತದೆ. ಆದರೆ ನೀರಿನಂಶ ಹೆಚ್ಚಿದ್ದು, ಅದರ ಜೊತೆ ಹಾಲೂ ಸೇರಿದರೆ ಸಕ್ಕರೆಯ ಕಾವಲು ಸಾಲದು.

ಮೈಸೂರು ಪಾಕನ್ನೇ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಮಾಡಿದ್ದೆಂದು ಹೆಸರಾದ ಸಿಹಿ ಇದು. ಅವರ ವಂಶಸ್ಥರ ಗುರು ಸ್ವೀಟ್ ಮಾರ್ಟ್ ಈಗಲೂ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಕುದಿಯುವ ಸಕ್ಕರೆ ಪಾಕಕ್ಕೆ ಕಡಲೆಹಿಟ್ಟು ಹಾಕಿ, ಮೇಲೆ ಕಾದ ತುಪ್ಪ ಸುರಿದಾಗ ಒಳಗಿನ ನೀರು ಆವಿಯಾಗಿ ಬುರುಗೆದ್ದು ಹೊರಬೀಳುತ್ತದೆ. ಗಟ್ಟಿ ಮೈಸೂರು ಪಾಕಿನ ಮೈತುಂಬ ಇರುವ ಸಣ್ಣ ತೂತುಗಳು ಆ ಆವಿ ಹೋದ ದಾರಿ. ತಟ್ಟೆಗೆ ಸುರಿದ ಮೇಲೂ ನಡುಭಾಗ ಬೇಗ ಆರದೆ ಇನ್ನಷ್ಟು ಬೇಯುವುದರಿಂದ ಅಲ್ಲಿ ಕಂದು ಪಟ್ಟಿ ಮೂಡುತ್ತದೆ. ನೀರು ಹೋಗಿ ತುಪ್ಪ ತುಂಬಿದ ಇಂಥ ಸಿಹಿ ಫ್ರಿಜ್ ಇಲ್ಲದೆಯೂ ವಾರ ತಡೆಯುತ್ತದೆ. (ಬಾಯಲ್ಲಿಟ್ಟರೆ ಕರಗುವ ಮೆತ್ತನೆಯದಕ್ಕೇ ಈಗ ಗಿರಾಕಿ ಜಾಸ್ತಿ. ನನ್ನ ಮತ ಮಾತ್ರ ಕಡಿದರೆ ಕರುಂ ಎನ್ನುವ ಗಟ್ಟಿಯದಕ್ಕೇ.)

ಧಾರವಾಡ ಪೇಢೆಯದೂ ಇದೇ ಲೆಕ್ಕ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಶುರು ಮಾಡಿದ, ಇಂದು ಜಿಐ ಮಾನ್ಯತೆ ಇರುವ ಈ ಪೇಢೆಗೆ ಆ ಕಂದು ಬಣ್ಣ ಬರುವುದು ಖೋವಾವನ್ನು ಸಕ್ಕರೆಯೊಂದಿಗೆ ಬಹಳ ಹೊತ್ತು ಹುರಿಯುವುದರಿಂದ. ಹುರಿದಷ್ಟೂ ತೇವ ಕಡಿಮೆ, ಹಾಗಾಗಿ ಬಿಳಿ ಪೇಢೆಗಿಂತ ಬಾಳಿಕೆ ಹೆಚ್ಚು. ಇನ್ನೊಂದು ತುದಿಯಲ್ಲಿ ಕಲಾಕಂದ್, ರಸಮಲೈ ಇವೆ. ಅವುಗಳ ಮೃದುತ್ವಕ್ಕೆ ಕಾರಣವಾದ ತೇವವೇ ಅವುಗಳ ಆಯುಷ್ಯವನ್ನೂ ಕಡಿಮೆ ಮಾಡುತ್ತದೆ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಾರ್ಗದರ್ಶಿಯೂ ಹೀಗೇ ಗುಂಪು ಮಾಡಿದೆ. ಕಲಾಕಂದ್ ಮಾಡಿದ ದಿನವೇ ಮುಗಿಯಬೇಕು. ರಸಗುಲ್ಲಾ, ರಸಮಲೈ, ಬಾದಾಮಿ ಹಾಲಿನಂಥವಕ್ಕೆ 2 ದಿನ. ಖೋವಾದ ಪೇಢೆ, ಬರ್ಫಿ ಮತ್ತು ಕೆಲವು ಲಾಡುಗಳಿಗೆ 4 ದಿನ. ತುಪ್ಪದ, ಒಣಹಣ್ಣಿನ ಸಿಹಿಗಳಿಗೆ 7 ದಿನ. ಕಡಲೆಹಿಟ್ಟಿನ ಉಂಡೆ, ಚಿಕ್ಕಿಯಂಥ ಒಣ ಪದಾರ್ಥಕ್ಕೆ 30 ದಿನ. ಈ ಐದು ಸಾಲುಗಳನ್ನು ನೆನಪಿಟ್ಟುಕೊಂಡರೆ ಸಾಕು, ಯಾವ ಅಂಗಡಿಯಲ್ಲೂ ದಾರಿ ತಪ್ಪುವುದಿಲ್ಲ.

ಸಾವಯವ ಅಂಗಡಿಯಲ್ಲಿ ವೈರಿ ಬೇರೆ. ಅಲ್ಲಿ ಪದಾರ್ಥ ಒಣದೇ, ಆದರೆ ಅದರೊಳಗೆ ಜಿಡ್ಡಿದೆ. ಪಾಲಿಶ್ ಮಾಡದ ಧಾನ್ಯದ ತೌಡಿನಲ್ಲಿ, ಅಗಸೆಯಲ್ಲಿ, ಎಳ್ಳಿನಲ್ಲಿ, ಗಾಣದೆಣ್ಣೆಯಲ್ಲಿ ಇರುವ ಕೊಬ್ಬು ಗಾಳಿ, ಬೆಳಕು, ಬಿಸಿ ತಾಗಿದರೆ ನಿಧಾನವಾಗಿ ಕಮಟುತ್ತದೆ. ಇಡಿಯಾಗಿದ್ದಾಗ ಸಿಪ್ಪೆಯ ರಕ್ಷಣೆ ಇರುತ್ತದೆ, ಹಿಟ್ಟು ಮಾಡಿದ ಕೂಡಲೇ ಅದು ಹೋಗುತ್ತದೆ. ಸಜ್ಜೆ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದು ಉತ್ತರ ಕರ್ನಾಟಕದ ಯಾವ ಮನೆಗೂ ಹೊಸ ಸಂಗತಿಯಲ್ಲ. ಅದಕ್ಕೇ ಅಲ್ಲಿ ಸಜ್ಜೆಯನ್ನು ಬೇಕಾದಷ್ಟೇ ಬೀಸಿಸುತ್ತಾರೆ.

ಒಂದು ಕಡೆ ತೇವ, ಇನ್ನೊಂದು ಕಡೆ ಜಿಡ್ಡು. ಎರಡಕ್ಕೂ ಮುಖ್ಯವಾಗುವುದು ಎಷ್ಟು ದಿನವಾಯಿತು ಎನ್ನುವುದೇ.

ಸಿಹಿ ಅಂಗಡಿಯಲ್ಲಿ

1. ತಟ್ಟೆಯ ಮುಂದಿನ ಚೀಟಿ ಓದಿ. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಗೂ ‘ಬೆಸ್ಟ್ ಬಿಫೋರ್’ ದಿನಾಂಕ ಹಾಕಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ತಯಾರಿಸಿದ ದಿನಾಂಕ ಹಾಕುವುದು ಅಂಗಡಿಯವರ ಇಷ್ಟ. ಬೆಲೆಯ ಚೀಟಿ ಮಾತ್ರ ಇದ್ದು ದಿನಾಂಕವಿಲ್ಲದಿದ್ದರೆ ಕೇಳಿ. 14 ಅಂಕಿಗಳ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ ಗೋಡೆಯ ಮೇಲೋ ಬಿಲ್ಲಿನ ಮೇಲೋ ಇದೆಯೇ ಎಂದೂ ಕಣ್ಣಾಡಿಸಿ.

2. ಕೇಳುವ ರೀತಿ ಬದಲಿಸಿ. ‘ಇದು ಫ್ರೆಶ್ಶಾ?’ ಎಂದರೆ ಯಾವ ಅಂಗಡಿಯವನೂ ಅಲ್ಲ ಎನ್ನುವುದಿಲ್ಲ. ‘ಅಣ್ಣಾ, ಇದು ಯಾವತ್ತಿಂದು?’ ಎಂದು ಕೇಳಿ. ಧಾರವಾಡ ಕಡೆಯಾದರೆ ‘ಇದು ಯಾವಾಗ ಮಾಡಿದ್ದು ರೀ?’ ದಿನ ಹೇಳಲೇಬೇಕಾದಾಗ ಮುಖದಲ್ಲೇ ಉತ್ತರ ಕಾಣುತ್ತದೆ. ಇನ್ನೂ ಒಳ್ಳೆಯ ಪ್ರಶ್ನೆ ಒಂದಿದೆ: ‘ನಾಡಿದ್ದು ಸಂಜೆ ಊರಿಗೆ ಮುಟ್ಟಬೇಕು, ಯಾವುದು ತಡೆಯುತ್ತೆ?’ ಹತ್ತರಲ್ಲಿ ಎಂಟು ಅಂಗಡಿಯವರು ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ, ಯಾಕೆಂದರೆ ಕೆಟ್ಟರೆ ನೀವು ಜಗಳಕ್ಕೆ ಬರುತ್ತೀರಿ ಎಂದು ಅವರಿಗೂ ಗೊತ್ತು.

3. ತುಪ್ಪವೋ ಡಾಲ್ಡಾವೋ ಎಂಬುದನ್ನು ನಾಲಿಗೆ ಹೇಳಲಿ. ರುಚಿ ನೋಡಲು ಒಂದು ಚೂರು ಕೇಳುವುದು ನಮ್ಮಲ್ಲಿ ತಪ್ಪಲ್ಲ, ಕೊಡುವುದೂ ವಾಡಿಕೆ. ತುಪ್ಪ ಬಾಯಿಯ ಬಿಸಿಗೇ ಪೂರ್ತಿ ಕರಗುತ್ತದೆ. ವನಸ್ಪತಿಯ ಕರಗುವ ಬಿಂದು ಸಾಮಾನ್ಯವಾಗಿ ಅದಕ್ಕಿಂತ ಮೇಲಿರುವುದರಿಂದ ನುಂಗಿದ ಮೇಲೂ ಅಂಗುಳಿಗೆ ಮೇಣದಂತೆ ಅಂಟಿಕೊಳ್ಳುತ್ತದೆ. ಬೆಲೆಯನ್ನೂ ಲೆಕ್ಕ ಹಾಕಿ. ಮೈಸೂರು ಪಾಕಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ತುಪ್ಪವೇ ಇರುತ್ತದೆ. ಒಂದು ಕೆ.ಜಿ. ತುಪ್ಪದ ಅರ್ಧ ಬೆಲೆಗೆ ಯಾರಾದರೂ ಒಂದು ಕೆ.ಜಿ. ‘ಅಪ್ಪಟ ತುಪ್ಪದ’ ಮೈಸೂರು ಪಾಕ್ ಕೊಡುತ್ತಿದ್ದರೆ ಅದು ಧರ್ಮಕಾರ್ಯವಂತೂ ಅಲ್ಲ. ಹೋಲಿಕೆಗೆ ಹತ್ತಿರದ ನಂದಿನಿ ಮಳಿಗೆಯ ದರ ನೋಡಿಕೊಳ್ಳಿ. ದಿನಾಂಕ, ತೂಕ, ಪದಾರ್ಥ ಎಲ್ಲವೂ ಅಚ್ಚಾದ ಪೊಟ್ಟಣ ಅಲ್ಲಿ ಸಿಗುತ್ತದೆ.

4. ಕಣ್ಣು ಕುಕ್ಕುವ ಬಣ್ಣವನ್ನು ದೂರವಿಡಿ. ಕೆಲವು ಕೃತಕ ಬಣ್ಣಗಳಿಗೆ ಮಿತಿಯೊಳಗೆ ಅನುಮತಿ ಇದೆ ನಿಜ. ಆದರೆ ಅನುಮತಿಯೇ ಇಲ್ಲದವನ್ನು ಬಳಸುವವರೂ ಇದ್ದಾರೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ ಬಳಕೆಯನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿದ್ದು ಇದೇ ಕಾರಣಕ್ಕೆ. ಜಹಾಂಗೀರು, ಬೂಂದಿ ಲಾಡುಗಳಲ್ಲಿ ತಿಳಿ ಬಣ್ಣದ್ದನ್ನೇ ಆರಿಸಿ. ತಿಂದ ಮೇಲೆ ಬೆರಳು ತೊಳೆದರೂ ಬಣ್ಣ ಹೋಗದಿದ್ದರೆ ಇನ್ನೊಮ್ಮೆ ಆ ಸಿಹಿ ಬೇಡ.

ಬೆಳ್ಳಿ ವರ್ಕ್ ಪರೀಕ್ಷೆ ಸುಲಭ. ಎರಡು ಬೆರಳ ನಡುವೆ ಉಜ್ಜಿದರೆ ಬೆಳ್ಳಿ ಪುಡಿಯಾಗಿ ಮಾಯವಾಗುತ್ತದೆ. ಅಲ್ಯೂಮಿನಿಯಂ ಆದರೆ ಸಣ್ಣ ಉಂಡೆಯಾಗಿ ಉಳಿಯುತ್ತದೆ. ನನ್ನ ಕೇಳಿದರೆ, ರುಚಿಯಿಲ್ಲದ, ಪರಿಮಳವಿಲ್ಲದ ಈ ಹೊಳಪಿಗೆ ಹೆಚ್ಚು ಕಾಸು ಕೊಡುವುದೇ ದಂಡ.

5. ಡಬ್ಬಿಯ ತೂಕ ಬಿಟ್ಟು ತೂಗಿಸಿ. ಅಂಗಡಿಯವರು ರಟ್ಟಿನ ಡಬ್ಬಿಗೆ ಸಿಹಿ ಜೋಡಿಸಿ ಡಬ್ಬಿ ಸಮೇತ ತಕ್ಕಡಿಗಿಡುತ್ತಾರೆ. ಡಬ್ಬಿ 60 ಗ್ರಾಂ ಇದ್ದು, ಸಿಹಿ ಕೆ.ಜಿ.ಗೆ 800 ರೂಪಾಯಿ ಆದರೆ ರಟ್ಟಿಗೇ 48 ರೂಪಾಯಿ ಕೊಟ್ಟಂತಾಯಿತು. ‘ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ ಆಮೇಲೆ ತುಂಬಿ’ ಎಂದು ಮೊದಲೇ ಹೇಳಿ. ಕಾನೂನೂ ನಿಮ್ಮ ಕಡೆಗೇ ಇದೆ. ಬೆಲೆ ಪದಾರ್ಥದ ನಿವ್ವಳ ತೂಕಕ್ಕೆ.

6. ಹಬ್ಬಕ್ಕೆ ಮುಂಗಡ ಹೇಳಿಡಿ. ದೀಪಾವಳಿ, ಗಣೇಶ ಚೌತಿಯ ಹೊತ್ತಿಗೆ ಬೇಡಿಕೆ ಎಷ್ಟು ಏರುತ್ತದೆಂದರೆ ಅಂಗಡಿಗಳು ಹಲವು ದಿನ ಮೊದಲೇ ಮಾಡಿಡುತ್ತವೆ, ಖೋವಾವನ್ನು ಎಲ್ಲೆಲ್ಲಿಂದಲೋ ತರಿಸುತ್ತವೆ. ಹಾಲಿನ ಸಿಹಿಗೆ ಇದು ವರ್ಷದ ಅತಿ ಕೆಟ್ಟ ಸಮಯ. ಪರಿಚಯದ ಅಂಗಡಿಯಲ್ಲಿ ಎರಡು ದಿನ ಮೊದಲೇ ಹೇಳಿ, ‘ಬೆಳಗ್ಗೆ ಮಾಡಿದ್ದನ್ನೇ ಕೊಡಿ’ ಎಂದು ಗೊತ್ತು ಮಾಡಿಕೊಳ್ಳಿ. ಅದು ಆಗದಿದ್ದರೆ ಹಬ್ಬದ ಮುನ್ನಾ ದಿನ ಖೋವಾದ ಗೋಜಿಗೇ ಹೋಗದೆ ಮೈಸೂರು ಪಾಕ್, ಬೇಸನ್ ಉಂಡೆ, ಕರದಂಟು, ಚಿಕ್ಕಿಗಳಲ್ಲಿ ಯಾವುದಾದರೂ ತನ್ನಿ.

ಖೋವಾವನ್ನೇ ತಂದು ಮನೆಯಲ್ಲಿ ಸಿಹಿ ಮಾಡುವವರಿಗೆ ಒಂದು ಪರೀಕ್ಷೆ. ಚಮಚದಷ್ಟು ಖೋವಾವನ್ನು ನೀರಿನಲ್ಲಿ ಕುದಿಸಿ, ಆರಿದ ಮೇಲೆ ಎರಡು ಮೂರು ಹನಿ ಟಿಂಕ್ಚರ್ ಅಯೋಡಿನ್ ಹಾಕಿ. ನೀಲಿಯಾದರೆ ಪಿಷ್ಟ ಬೆರೆತಿದೆ. ಅಂಗೈಯಲ್ಲಿ ಉಜ್ಜಿದಾಗ ತುಪ್ಪದ ಜಿಡ್ಡು, ಹಾಲಿನ ವಾಸನೆ ಉಳಿಯಬೇಕು.

ಊರಿಗೆ ಒಯ್ಯುವಾಗ

ಆಹಾರ ಕೆಡಿಸುವ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ರಾತ್ರಿ ಬಸ್ಸಿನ ಲಗೇಜು ಡಿಕ್ಕಿ ಸರಿಯಾಗಿ ಆ ನಡುವೆಯೇ ಇರುತ್ತದೆ. ರಸಗುಲ್ಲಾ, ಕಲಾಕಂದುಗಳನ್ನು ಪ್ರಯಾಣಕ್ಕೆ ಕಟ್ಟಿಸಲೇಬೇಡಿ. ಬೆಳಗಾವಿ ಕುಂದಾ ಹುರಿದದ್ದೇ ಆದರೂ ಹಾಲಿನದು, ಮೆತ್ತಗಿರುವಂಥದು. ಕೊಂಡ ದಿನವೇ ಹೊರಟು ಮರುದಿನ ಮುಟ್ಟುವುದಾದರೆ ಮಾತ್ರ ತೆಗೆದುಕೊಳ್ಳಿ, ಮುಟ್ಟಿದ ಕೂಡಲೇ ಫ್ರಿಜ್‌ಗೆ ಇಡಿ.

ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು ಕರದಂಟು. ಗೋಕಾಕದ್ದು ಮೇಲೋ ಅಮೀನಗಡದ್ದು ಮೇಲೋ ಎಂಬ ತಂಟೆಗೆ ನಾನು ಹೋಗುವುದಿಲ್ಲ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳನ್ನು ಬೆಲ್ಲದ ಪಾಕದಲ್ಲಿ ಹಿಡಿದ ಇದರಲ್ಲಿ ಹಾಲೂ ಇಲ್ಲ, ತೇವವೂ ಇಲ್ಲ. ಬಾಣಂತಿಯರಿಗೆ ಕೊಡುತ್ತಿದ್ದ ಈ ತಿನಿಸು ಎರಡೂ ಬಗೆಯ ಅಂಗಡಿಗೆ ಸಲ್ಲುವ ಪದಾರ್ಥ. ಕೊಳ್ಳುವಾಗ ಕೊಬ್ಬರಿ ಕಮಟಿಲ್ಲವೇ ಎಂದು ಮೂಸಿ ನೋಡಿ. ಇದರಲ್ಲಿ ಮೊದಲು ಕೆಡುವುದು ಅದೇ.

ವಿದೇಶಕ್ಕೆ ಹೊರಟವರಿಗೆ ಗಂಭೀರವಾದ ಒಂದು ಎಚ್ಚರಿಕೆ. ಕರದಂಟು, ಉಂಡೆಗಳ ಮೇಲೆ ಗಸಗಸೆ ಉದುರಿಸುವುದುಂಟು. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಿಗೆ ಗಸಗಸೆ ಒಯ್ಯುವುದು ನಿಷಿದ್ಧ. ಅಲ್ಲಿ ಅದನ್ನು ಮಾದಕ ವಸ್ತುವಿನ ಕಾನೂನಿನಡಿ ನೋಡುತ್ತಾರೆ. ದುಬೈನಲ್ಲಿರುವ ಮಗಳಿಗೆ ಅಮ್ಮ ಕಟ್ಟಿಕೊಟ್ಟ ಡಬ್ಬಿ ವಿಮಾನ ನಿಲ್ದಾಣದಲ್ಲಿ ಫಜೀತಿಗೆ ಕಾರಣವಾಗಬಾರದು. ‘ಗಸಗಸೆ ಹಾಕಿಲ್ಲ ತಾನೇ?’ ಎಂದು ಅಂಗಡಿಯಲ್ಲೇ ಕೇಳಿ, ಅನುಮಾನವಿದ್ದರೆ ಬೇರೆ ಸಿಹಿ ಕೊಳ್ಳಿ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ನಿರ್ಬಂಧವಿದೆ, ಹಾಗಾಗಿ ಅಲ್ಲಿಗೆ ಪೇಢೆಯೂ ಬೇಡ.

ಸಾವಯವ ಅಂಗಡಿಯಲ್ಲಿ

1. ಒಂದೇ ಧಾನ್ಯದಿಂದ ಶುರು ಮಾಡಿ. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಎಲ್ಲವನ್ನೂ ಒಟ್ಟಿಗೆ ಹೊತ್ತು ತಂದರೆ ಯಾವುದೂ ಒಗ್ಗುವುದಿಲ್ಲ. ಮನೆಯಲ್ಲಿ ಯಾವ ಅಡುಗೆಗೆ ಎಂದು ಮೊದಲು ಯೋಚಿಸಿ: ಬಿಸಿಬೇಳೆಬಾತಿಗೋ ಮೊಸರನ್ನಕ್ಕೋ ಆದರೆ ಸಾಮೆ ಸುಲಭ, ಉಪ್ಪಿಟ್ಟಿಗೆ ನವಣೆ. ಅರ್ಧ ಕೆ.ಜಿ. ತನ್ನಿ, ಮುಗಿದ ಮೇಲೆ ಇನ್ನರ್ಧ. ಅಂದ ಹಾಗೆ ರಾಗಿ, ಜೋಳಗಳಿಗಾಗಿ ಈ ಅಂಗಡಿಗೇ ಬರಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದು ಮೂಲೆಯ ಕಿರಾಣಿ ಅಂಗಡಿಯ ರಾಗಿಯಲ್ಲೂ ಅಷ್ಟೇ ಇರುತ್ತದೆ.

2. ಪಾಲಿಶ್ ಆಗಿದೆಯೇ ನೋಡಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಇವಕ್ಕೆ ಬೇಡಿಕೆ ಏರಿತು, ಜೊತೆಗೆ ಬಿಳಿ ಬಿಳಿಯಾಗಿ ಕಾಣುವಂತೆ ತೌಡು ತೆಗೆದು ಮಾರುವುದೂ ಹೆಚ್ಚಿತು. ನಾರು ಮತ್ತು ಒಳ್ಳೆಯ ಅಂಶಗಳ ದೊಡ್ಡ ಪಾಲು ತೌಡಿನಲ್ಲೇ ಇರುವುದರಿಂದ, ಅದನ್ನು ತೆಗೆದ ಮೇಲೆ ನೀವು ಕೊಡುವ ಹೆಚ್ಚಿನ ಬೆಲೆಗೆ ಅರ್ಥವಿಲ್ಲ. ಪಾಲಿಶ್ ಮಾಡದ ನವಣೆ ಹಳದಿ ಛಾಯೆಯದು, ಸಾಮೆ ತುಸು ಮಾಸಲು. ಹಿಡಿಯಷ್ಟು ಕಾಳನ್ನು ಅಂಗೈಯಲ್ಲಿ ಉಜ್ಜಿದರೆ ತೌಡಿನ ಹುಡಿ ಸ್ವಲ್ಪ ಅಂಟಬೇಕು. ಆದರೆ ತೌಡಿದ್ದರೆ ಜಿಡ್ಡಿದೆ, ಜಿಡ್ಡಿದ್ದರೆ ಆಯುಷ್ಯ ಕಡಿಮೆ. ಆದ್ದರಿಂದ ಇಂಥ ಧಾನ್ಯವನ್ನು ಕೊಳ್ಳುವಾಗ ಪೊಟ್ಟಣದ ದಿನಾಂಕ ಎರಡು ಸಲ ನೋಡಿ, ಬಿಡಿಯಾಗಿದ್ದರೆ ಮೂಸಿ ನೋಡಿ. ಕಮಟು ಅಥವಾ ಮುಗ್ಗಲು ವಾಸನೆ ಬಂದರೆ ವಾಪಸ್ ಇಟ್ಟುಬಿಡಿ.

3. ಗಾಣದೆಣ್ಣೆಗೆ ಕಡಲೆಕಾಯಿಯ ಲೆಕ್ಕ. ಒಂದು ಲೀಟರ್ ಎಣ್ಣೆ ತೆಗೆಯಲು ಮರದ ಗಾಣದಲ್ಲಿ ಸುಮಾರು ಎರಡೂವರೆ ಕೆ.ಜಿ. ಕಡಲೆಕಾಯಿ ಬೀಜ ಬೇಕು. ಹಿಂಡಿ ಮಾರಿ ಸ್ವಲ್ಪ ದುಡ್ಡು ಬರುತ್ತದೆ ಎಂದುಕೊಂಡರೂ, ಎರಡು ಕೆ.ಜಿ. ಬೀಜದ ಬೆಲೆಗಿಂತ ಕಡಿಮೆಗೆ ಲೀಟರ್ ಎಣ್ಣೆ ಸಿಗುತ್ತಿದ್ದರೆ ಅದರಲ್ಲಿ ಬೇರೆ ಎಣ್ಣೆ ಸೇರಿದೆಯೇನೋ ಎಂದು ಅನುಮಾನಿಸಬಹುದು. ಕಣ್ಣೆದುರೇ ಗಾಣ ತಿರುಗುವ ಅಂಗಡಿ ಸಿಕ್ಕರೆ ಅದೃಷ್ಟ. ತಳದಲ್ಲಿ ಗಸಿ ಕೂತರೆ ಗಾಬರಿ ಬೇಡ, ಸೋಸದ ಎಣ್ಣೆಯಲ್ಲಿ ಅದು ಸಹಜ. ಬಿಸಿಲಿಗೆ ಮುಖ ಮಾಡಿದ ಕಪಾಟಿನಲ್ಲಿ ಪಾರದರ್ಶಕ ಬಾಟಲಿಯಲ್ಲಿಟ್ಟ ಎಣ್ಣೆ ಮಾತ್ರ ಬೇಡ.

4. ಬೆಲ್ಲದಲ್ಲಿ ಹೊಂಬಣ್ಣಕ್ಕೆ ಮರುಳಾಗಬೇಡಿ. ಗ್ರಾಹಕರು ತಿಳಿ ಬಣ್ಣ ಕೇಳುತ್ತಾರೆ ಎಂದೇ ಆಲೆಮನೆಯಲ್ಲಿ ಸೋಡಿಯಂ ಹೈಡ್ರೋಸಲ್ಫೈಟ್ ಹಾಕಿ ಬಣ್ಣ ಬರಿಸುವುದುಂಟು. ಮಂಡ್ಯದ ಕಡೆ ಇದನ್ನು ಸರಳವಾಗಿ ‘ಹೈಡ್ರೋಸ್’ ಎನ್ನುತ್ತಾರೆ. ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಬಳಸುವ ಹಳೆಯ ಕ್ರಮದ ಬೆಲ್ಲ ಸಾಮಾನ್ಯವಾಗಿ ಕಂದು, ಕಪ್ಪುಗಂದು. ಒಂದು ಚೂರನ್ನು ಲೋಟ ನೀರಿನಲ್ಲಿ ಕರಗಿಸಿ ನೋಡಿ: ಸುಣ್ಣದ ಪುಡಿ ಬೆರೆಸಿದ್ದರೆ ಬಿಳಿಯಾಗಿ ತಳಕ್ಕೆ ಇಳಿಯುತ್ತದೆ. ಮಲೆನಾಡಿನ ಜೋನಿಬೆಲ್ಲ ಸಿಕ್ಕರೆ ದೋಸೆಗೆಂದು ಒಂದು ಬಾಟಲಿ ಹಿಡಿಯಿರಿ, ಇದು ಆರೋಗ್ಯಕ್ಕಲ್ಲ, ರುಚಿಗೆ.

5. ‘ಸಾವಯವ’ ಎಂದು ಬರೆದರೆ ಸಾಲದು. ಪೊಟ್ಟಣದಲ್ಲಿ ಮಾರುವ ಸಾವಯವ ಪದಾರ್ಥದ ಮೇಲೆ ಜೈವಿಕ್ ಭಾರತ್ ಗುರುತಿನ ಜೊತೆ ಇಂಡಿಯಾ ಆರ್ಗ್ಯಾನಿಕ್ ಅಥವಾ ಪಿಜಿಎಸ್-ಇಂಡಿಯಾ ಗುರುತು ನೋಡಿ. ಪಿಜಿಎಸ್‌ನಲ್ಲಿ ‘ಗ್ರೀನ್’ ಎಂದಿದ್ದರೆ ಆ ಹೊಲ ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಎಂದರ್ಥ. ಸಂತೆಯಲ್ಲೋ ಮೇಳದಲ್ಲೋ ತಾನೇ ಬೆಳೆದು ತಾನೇ ಮಾರುವ ಸಣ್ಣ ರೈತನಿಗೆ ಈ ಪ್ರಮಾಣಪತ್ರ ಕಡ್ಡಾಯವಲ್ಲ. ಅಲ್ಲಿ ಗುರುತು ಹುಡುಕುವ ಬದಲು ‘ಯಾವೂರು? ಗೊಬ್ಬರ ಏನು ಹಾಕ್ತೀರಿ? ಹುಳ ಬಿದ್ದರೆ ಏನು ಮಾಡ್ತೀರಿ?’ ಎಂದು ಮಾತಿಗಿಳಿಯಿರಿ. ನಿಜವಾಗಿ ಬೆಳೆದವನು ಮಾತು ನಿಲ್ಲಿಸುವುದಿಲ್ಲ.

6. ಪೊಟ್ಟಣವನ್ನು ತಿರುಗಿಸಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರುವುದು ಅತಿ ಹೆಚ್ಚಿರುವ ಪದಾರ್ಥ, ಕೊನೆಯದು ಅತಿ ಕಡಿಮೆ. ಮುಂದೆ ದೊಡ್ಡದಾಗಿ ‘ರಾಗಿ ಬಿಸ್ಕತ್ತು’, ಹಿಂದೆ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ ಎಂದಿದ್ದರೆ ಅದು ರಾಗಿಯ ಬಣ್ಣದ ಮೈದಾ ಬಿಸ್ಕತ್ತು.

ಬೀಜಗಳ ವಿಷಯದಲ್ಲಿ ಒಂದೇ ಮಾತು: ಪುಡಿ ಬೇಡ, ಇಡಿಯೇ ಇರಲಿ. ಅಗಸೆ ಪುಡಿ ಅಂಗಡಿಯ ಕಪಾಟಿನಲ್ಲೇ ಕಮಟಲು ಶುರುವಾಗಿರುತ್ತದೆ. ಇಡಿ ಅಗಸೆ ತಂದು ಹುರಿದು, ವಾರಕ್ಕೆ ಬೇಕಾದಷ್ಟು ಚಟ್ನಿಪುಡಿ ಮಾಡಿಕೊಳ್ಳಿ. ಮೈಸೂರಿನ ಸಿಎಫ್‌ಟಿಆರ್‌ಐ ನಮ್ಮ ರೈತರಿಗೆ ಪರಿಚಯಿಸಿದ ಚಿಯಾ ಒಳ್ಳೆಯದೇ, ಆದರೆ ಅದು ದುಬಾರಿ ಅನಿಸಿದರೆ ಅಗಸೆ, ಹುಚ್ಚೆಳ್ಳು ತಿನ್ನುವವರು ಏನನ್ನೂ ಕಳೆದುಕೊಳ್ಳುತ್ತಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಬೆಲ್ಲದ್ದು, ಹಾಗಾಗಿ ಪರವಾಗಿಲ್ಲ’ ಎನ್ನುವುದು ಮೊದಲನೆಯದು. 100 ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲೊರಿಯ ಆಸುಪಾಸು ಇದ್ದರೆ ಬೆಲ್ಲದಲ್ಲಿ 380ರ ಆಸುಪಾಸು. ಬೆಲ್ಲದಲ್ಲೂ ಹೆಚ್ಚಿನ ಪಾಲು ಸುಕ್ರೋಸೇ. ರುಚಿಗೆ ಬೆಲ್ಲ ಬಳಸಿ, ಸಕ್ಕರೆ ಕಾಯಿಲೆಗೆ ರಿಯಾಯಿತಿ ಎಂದು ಬಳಸಬೇಡಿ. ಜೇನಿಗೂ ಈ ಮಾತು ಅನ್ವಯ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಬೇರೆಯಾಗಿ ಸೇರಿಸಿದ ಸಕ್ಕರೆ, ಬೆಲ್ಲ, ಜೇನು ಎಲ್ಲ ಕೂಡಿ 50 ಗ್ರಾಂ ಮೀರದಿರಲಿ, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

‘ಶುಗರ್ ಫ್ರೀ’ ಮತ್ತು ‘ಸಕ್ಕರೆ ಸೇರಿಸಿಲ್ಲ’ ಎರಡೂ ಒಂದೇ ಎಂದುಕೊಳ್ಳುವುದು ಎರಡನೆಯದು. ಶುಗರ್ ಫ್ರೀ ಎನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆಯ ಅಂಶ ಅರ್ಧ ಗ್ರಾಂ ಮೀರಬಾರದು. ಸಕ್ಕರೆ ಸೇರಿಸದ ಅಂಜೂರದ ಬರ್ಫಿಯಲ್ಲಿ, ಖರ್ಜೂರದ ಉಂಡೆಯಲ್ಲಿ ಹಣ್ಣಿನದೇ ಸಕ್ಕರೆ ಧಾರಾಳವಾಗಿರುತ್ತದೆ. ಖರ್ಜೂರದ ತೂಕದ ಅರ್ಧಕ್ಕೂ ಹೆಚ್ಚು ಸಕ್ಕರೆಯೇ. ಇನ್ನು ನಿಜವಾದ ಶುಗರ್ ಫ್ರೀ ಸಿಹಿಯಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್ ಇದ್ದರೆ ನಾಲ್ಕು ತುಂಡಿಗೇ ಹೊಟ್ಟೆ ಗುಡುಗುಡು ಎನ್ನಬಹುದು.

ಸಿರಿಧಾನ್ಯ ಎಷ್ಟು ತಿಂದರೂ ನಡೆಯುತ್ತದೆ ಎನ್ನುವ ನಂಬಿಕೆಯೂ ಇದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೊಹೈಡ್ರೇಟ್ ಇದ್ದರೆ ನವಣೆಯಲ್ಲಿ 60ರ ಮೇಲೆಯೇ ಇದೆ. ನಾರು ಹೆಚ್ಚಿರುವುದರಿಂದ ಬೇಗ ಹೊಟ್ಟೆ ತುಂಬುತ್ತದೆ, ಅದೇ ಅದರ ಲಾಭ. ಎರಡು ಬಟ್ಟಲು ಜಾಸ್ತಿ ತಿಂದರೆ ಆ ಲಾಭ ಅಲ್ಲಿಗೇ ಮುಗಿಯಿತು.

ಗುಲಾಬಿ ಉಪ್ಪು ತಂದು ಅಯೋಡಿನ್ ಉಪ್ಪನ್ನು ಪೂರ್ತಿ ಬಿಡುವುದು ಹೆಚ್ಚು ಅಪಾಯದ ತಪ್ಪು. ಸೈಂಧವ ಲವಣಕ್ಕೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಮನೆಯಲ್ಲಿ ಗರ್ಭಿಣಿಯರು, ಮಕ್ಕಳು ಇದ್ದರೆ ದಿನದ ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ.

ಜೇನನ್ನು ಲೋಟ ನೀರಿಗೆ ಬಿಟ್ಟು ‘ತಳಕ್ಕೆ ಇಳಿಯಿತು, ಅಪ್ಪಟ’ ಎಂದು ತೀರ್ಮಾನಿಸುವವರೂ ಇದ್ದಾರೆ. ದಪ್ಪ ಸಕ್ಕರೆ ಪಾಕವೂ ಹಾಗೇ ಇಳಿಯುತ್ತದೆ. ಈಗಿನ ಕಲಬೆರಕೆಯನ್ನು ಹಿಡಿಯಲು ಪ್ರಯೋಗಾಲಯವೇ ಬೇಕು. ಜೇನಿನ ಮಟ್ಟಿಗೆ ಮನೆ ಪರೀಕ್ಷೆಗಿಂತ ಗುರುತಿರುವ ಜೇನು ಕೃಷಿಕ ಅಥವಾ ಜೇನು ಸಹಕಾರ ಸಂಘ ವಾಸಿ.

ಕರಿದ ತಿಂಡಿಯನ್ನು, ಖಾರವನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳುವುದು ಇನ್ನೂ ನಿಂತಿಲ್ಲ. ಬಿಸಿ ಜಿಡ್ಡಿಗೆ ಅಚ್ಚಿನ ಮಸಿ ಕರಗಿ ತಿಂಡಿಗೆ ಸೇರುತ್ತದೆ. ಹಾಗೆಯೇ ಎಲ್ಲವನ್ನೂ ಫ್ರಿಜ್‌ಗೆ ತುರುಕುವುದೂ ಬೇಡ. ಹಾಲಿನ ಸಿಹಿ ಒಳಗೆ ಹೋಗಲಿ. ಮೈಸೂರು ಪಾಕ್, ಚಿಕ್ಕಿ, ಕರದಂಟುಗಳು ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಚೆನ್ನಾಗಿರುತ್ತವೆ. ಫ್ರಿಜ್ ಬೇಕಿರುವುದು ಪಾಲಿಶ್ ಮಾಡದ ಸಿರಿಧಾನ್ಯಕ್ಕೆ, ಸಜ್ಜೆ ಹಿಟ್ಟಿಗೆ. ಅಲ್ಲಿ ಜಾಗ ಮಾಡಿಕೊಡಿ.

ಔಷಧಿಯಲ್ಲ ಎನ್ನುವುದು ನೆನಪಿರಲಿ

ಕೌಂಟರಿನಲ್ಲಿ ಕೂತವರು ‘ಈ ಪುಡಿ ಮೂರು ತಿಂಗಳು ತಗೊಳ್ಳಿ ಸಾರ್, ಶುಗರ್ ಮಾತ್ರೆನೇ ಬೇಕಾಗಲ್ಲ’ ಎಂದರೆ ನಕ್ಕು ಹೊರಬನ್ನಿ. ಮಧುಮೇಹ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾನೂನೊಂದು ನಿಷೇಧಿಸಿದೆ. ಪೂರಕ ಆಹಾರದ ಪೊಟ್ಟಣದ ಮೇಲೆಯೇ ಅದು ಔಷಧಿಯಲ್ಲ ಎಂದು ಬರೆದಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಶುಗರ್, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೊಸ ಪುಡಿ, ಕಷಾಯಗಳನ್ನು ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ನೆಲಗಡಲೆ, ಗೋಡಂಬಿಯ ಅಲರ್ಜಿ ಇದ್ದವರು ಬಿಡಿ ಸಿಹಿಗಳ ವಿಷಯದಲ್ಲಿ ಇನ್ನೂ ಜೋಪಾನ: ಎಲ್ಲ ತಟ್ಟೆಗೂ ಒಂದೇ ಇಕ್ಕಳ, ಒಂದೇ ಚಾಕು ಓಡಾಡುತ್ತಿರುತ್ತದೆ.

ಕೆಟ್ಟದ್ದು ಸಿಕ್ಕರೆ

ಮೊದಲು ಅಂಗಡಿಗೇ ಹೋಗಿ. ಬಿಲ್ಲು ಇದ್ದರೆ ಮುಕ್ಕಾಲು ಪಾಲು ಪ್ರಸಂಗಗಳು ಅಲ್ಲೇ ಮುಗಿಯುತ್ತವೆ, ಆದ್ದರಿಂದ ಎಷ್ಟೇ ಅವಸರವಿದ್ದರೂ ಬಿಲ್ಲು ಕೇಳಿ ಪಡೆಯಿರಿ. ಮುಗಿಯದಿದ್ದರೆ ಆಹಾರದ ಗುಣಮಟ್ಟದ ದೂರಿಗೆ ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800 112 100, ಬೆಲೆ ಮತ್ತು ತೂಕದ ಮೋಸಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ತೂಕದ ವಿಷಯವನ್ನು ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಗೂ ತಿಳಿಸಬಹುದು. ದೂರು ಕೊಡುವ ಮೊದಲು ಉಳಿದ ಪದಾರ್ಥವನ್ನು ಬಿಸಾಡದೆ ಮುಚ್ಚಿ ಫ್ರಿಜ್‌ನಲ್ಲಿಡಿ, ಡಬ್ಬಿಯ ಮತ್ತು ಬಿಲ್ಲಿನ ಫೋಟೊ ತೆಗೆದುಕೊಳ್ಳಿ. ತಟ್ಟೆಯ ಮುಂದಿನ ದಿನಾಂಕದ ಚೀಟಿಯ ಫೋಟೊವನ್ನು ಮಾತ್ರ ಕೊಳ್ಳುವಾಗಲೇ ತೆಗೆದಿಟ್ಟುಕೊಳ್ಳಬೇಕು. ಮರುದಿನ ಹೋದರೆ ಅಲ್ಲಿ ಬೇರೆ ಚೀಟಿ ಇರುತ್ತದೆ.